ಪ್ರೊಸೆಸರ್ ಬದಲಿಸಿದ ಮೇಲೆ ಅರ್ಧ ರ‍್ಯಾಮ್ ಕಾಣೆ: ದೋಷ ಹುಡುಕುವ ಬಗೆ

ನಮ್ಮ ಭಾವನವರದು ತುಮಕೂರಿನಲ್ಲಿ ಒಂದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಇವೇ ಅಲ್ಲಿನ ಕೆಲಸ. ಕಂಪ್ಯೂಟರ್ 2012ರಲ್ಲಿ ಜೋಡಿಸಿದ್ದು: ಎಚ್61 ಚಿಪ್‌ಸೆಟ್‌ನ (ಬೋರ್ಡ್‌ನ ಭಾಗಗಳನ್ನು ಬೆಸೆಯುವ ಚಿಪ್) ಮದರ್‌ಬೋರ್ಡ್, ಇಂಟೆಲ್ ಕೋರ್ ಐ3-2100 ಪ್ರೊಸೆಸರ್, ತಲಾ 4 ಜಿಬಿಯ ಎರಡು ಡಿಡಿಆರ್3-1333 ರ‍್ಯಾಮ್ ಸ್ಟಿಕ್, 64 ಬಿಟ್ ವಿಂಡೋಸ್ 7. ಚಿತ್ರಗಳಿರುವ ದೊಡ್ಡ ಫೈಲ್ ತೆರೆದರೆ ಏದುಸಿರು ಬಿಡುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದಾಗ ಮೆಮೊರಿಯಲ್ಲಿ ಇನ್ನೂ ಜಾಗವಿತ್ತು. ನೂರಕ್ಕೆ ನೂರು ದುಡಿಯುತ್ತಿದ್ದದ್ದು ಎರಡೇ ಕೋರ್‌ಗಳ ಪ್ರೊಸೆಸರ್. ಹಾಗಾಗಿ ರ‍್ಯಾಮ್ ಅನ್ನು ಹಾಗೆಯೇ ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಬದಲಿಸುವುದೆಂದು ನಿರ್ಧರಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಳಸಿದ ಐ5-3470 ತಂದು ಕೂರಿಸಿದೆ.

ಯಂತ್ರ ಮೊದಲ ಸಲಕ್ಕೇ ಎದ್ದಿತು. ನಾಲ್ಕು ಕೋರ್‌ಗಳೂ ಕಂಡವು. ಆದರೆ ವಿಂಡೋಸ್‌ನ ಸಿಸ್ಟಮ್ ಪುಟದಲ್ಲಿ ಸ್ಥಾಪಿತ ಮೆಮೊರಿ 8 ಜಿಬಿ, ಬಳಕೆಗೆ ಸಿಗುವುದು 3.9 ಜಿಬಿ ಎಂದಿತ್ತು. ಅರ್ಧ ಮೆಮೊರಿ ಮಾಯ. ಅಂಗಡಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಹುಡುಗ ಫೋನಿನಲ್ಲಿಯೇ “ರ‍್ಯಾಮ್ ಹೋಗಿದೆ ಸರ್, ಹೊಸದು ಹಾಕಿಸಿ” ಎಂದ. ಭಾವನವರೂ ಪರ್ಸ್ ತೆಗೆದರು. ನಾನು ತಡೆದೆ. ಒಂದು ಗಂಟೆಯ ಹಿಂದಿನವರೆಗೆ ಎರಡೂ ಸ್ಟಿಕ್‌ಗಳು ನೆಟ್ಟಗೆ ಕೆಲಸ ಮಾಡುತ್ತಿದ್ದವು; ಅವುಗಳನ್ನು ನಾನು ಮುಟ್ಟಿಯೂ ಇರಲಿಲ್ಲ. ಮುಟ್ಟಿದ್ದು ಪ್ರೊಸೆಸರ್ ಒಂದನ್ನೇ. ಹಾಗಿರುವಾಗ ಅನುಮಾನ ಮೊದಲು ಹೋಗಬೇಕಾದದ್ದು ಎಲ್ಲಿಗೆ?

ಮೆಮೊರಿಯ ದಾರಿ ಪ್ರೊಸೆಸರ್‌ನ ಮೂಲಕವೇ ಹೋಗುತ್ತದೆ

ಇಷ್ಟು ತಿಳಿದರೆ ಅರ್ಧ ದೋಷ ಸಿಕ್ಕಂತೆ. ಕೋರ್ 2 ಡ್ಯುಯೋ, ಕೋರ್ 2 ಕ್ವಾಡ್‌ಗಳ ಕಾಲದಲ್ಲಿ, ಅಂದರೆ ಪ್ರೊಸೆಸರ್ ಕೂರಲು ಎಲ್‌ಜಿಎ 775 ಸಾಕೆಟ್ ಇದ್ದ ಬೋರ್ಡ್‌ಗಳಲ್ಲಿ, ರ‍್ಯಾಮ್ ಅನ್ನು ಆಳುವ ಮೆಮೊರಿ ಕಂಟ್ರೋಲರ್ ಇದ್ದದ್ದು ಮದರ್‌ಬೋರ್ಡ್ ಮೇಲಿನ ನಾರ್ತ್‌ಬ್ರಿಡ್ಜ್ ಚಿಪ್‌ನಲ್ಲಿ. ಆಗ ಪ್ರೊಸೆಸರ್ ತೆಗೆದು ಹಾಕಿದರೆ ರ‍್ಯಾಮ್‌ನ ತಂತಿಗಳಿಗೆ ಕೈ ತಗುಲುತ್ತಿರಲಿಲ್ಲ. ಎಎಂಡಿ 2003ರಲ್ಲಿ ಆಪ್ಟೆರಾನ್ ಮತ್ತು ಅಥ್ಲಾನ್ 64ರೊಂದಿಗೆ ಈ ಕಂಟ್ರೋಲರನ್ನು ಪ್ರೊಸೆಸರ್‌ನ ಒಳಗೇ ತಂದಿತು. ಇಂಟೆಲ್ 2008ರಲ್ಲಿ ಮೊದಲ ಕೋರ್ ಐ7ನೊಂದಿಗೆ ಅದೇ ದಾರಿ ಹಿಡಿಯಿತು.

ನಮ್ಮ ಬೋರ್ಡ್‌ನದು ಎಲ್‌ಜಿಎ 1155 ಸಾಕೆಟ್. ಹೆಸರೇ ಹೇಳುವಂತೆ ಅದರಲ್ಲಿ 1155 ಪಿನ್‌ಗಳಿವೆ, ಅವು ಪ್ರೊಸೆಸರ್‌ನಲ್ಲಲ್ಲ, ಬೋರ್ಡ್‌ನ ಸಾಕೆಟ್‌ನಲ್ಲಿವೆ. ಎರಡು ಮೆಮೊರಿ ಚಾನೆಲ್‌ಗಳು, ಎಂದರೆ ಮೆಮೊರಿಗೆ ಹೋಗುವ ಎರಡು ಪ್ರತ್ಯೇಕ ದಾರಿಗಳು, ಒಂದೊಂದಕ್ಕೂ 64 ದತ್ತಾಂಶ ಗೆರೆಗಳು. ವಿಳಾಸದ ಗೆರೆಗಳು, ಗಡಿಯಾರದ ಗೆರೆಗಳು ಬೇರೆ. ಎಲ್ಲವೂ ಮೆಮೊರಿ ಸ್ಟಿಕ್ ಕೂರುವ ಸ್ಲಾಟ್‌ನಿಂದ ಹೊರಟು ನೇರವಾಗಿ ಈ ಸಾಕೆಟ್‌ಗೆ ಬಂದು ಸೇರುತ್ತವೆ. ಅವುಗಳಲ್ಲಿ ಒಂದೇ ಒಂದು ಪಿನ್ ಪ್ರೊಸೆಸರ್‌ನ ಅಡಿಯ ಚಿನ್ನದ ಬಿಂದುವನ್ನು ಮುಟ್ಟದಿದ್ದರೂ ಬಯೋಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ಮೂಲ ತಂತ್ರಾಂಶ) ಆ ಚಾನೆಲ್ ಅನ್ನೇ ಕೈಬಿಟ್ಟು, ಉಳಿದ ಇನ್ನೊಂದರಿಂದ ಯಂತ್ರವನ್ನು ಎಬ್ಬಿಸಬಹುದು. ಎಚ್61 ಬೋರ್ಡ್‌ನಲ್ಲಿ ಚಾನೆಲ್‌ಗೆ ಒಂದೇ ಸ್ಲಾಟ್. ಆದ್ದರಿಂದ ಒಂದು ಚಾನೆಲ್ ಸತ್ತರೆ ಕಾಣೆಯಾಗುವುದು ಸರಿಯಾಗಿ ಅರ್ಧ.

ಹೊಂದಾಣಿಕೆಯ ಮಾತು

ಬಿಚ್ಚುವ ಮುನ್ನವೇ ಇದನ್ನು ನೋಡಿಕೊಂಡಿರಬೇಕು. ಎಲ್‌ಜಿಎ 1155ಕ್ಕೆ ಎರಡು ತಲೆಮಾರಿನ ಪ್ರೊಸೆಸರ್‌ಗಳು ಬಂದವು: 2011ರ ಜನವರಿಯ ಸ್ಯಾಂಡಿ ಬ್ರಿಡ್ಜ್ ಮತ್ತು 2012ರ ಏಪ್ರಿಲ್‌ನ ಐವಿ ಬ್ರಿಡ್ಜ್. ಮೊದಲನೆಯವುಗಳ ಹೆಸರು 2ರಿಂದ, ಎರಡನೆಯವುಗಳದು 3ರಿಂದ ಆರಂಭವಾಗುತ್ತದೆ. ಎಚ್61, ಎಚ್67, ಪಿ67, ಜೆಡ್68 ಬೋರ್ಡ್‌ಗಳು ಬಯೋಸ್‌ನ ಹೊಸ ಆವೃತ್ತಿ ಹಾಕಿದರೆ ಐವಿ ಬ್ರಿಡ್ಜ್ ಅನ್ನು ಒಪ್ಪುತ್ತವೆ. ಕಚೇರಿಗಳಿಂದ ಹರಾಜಿಗೆ ಬರುವ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಹೆಚ್ಚಾಗಿರುವ ಕ್ಯೂ65, ಕ್ಯೂ67, ಬಿ65 ಚಿಪ್‌ಸೆಟ್‌ಗಳಿಗೆ ಇಂಟೆಲ್ ಆ ಬೆಂಬಲ ಕೊಡಲಿಲ್ಲ. ಅಂಥವುಗಳಿಗೆ ಐ5-2400 ಅಥವಾ ಐ7-2600ನಂಥ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರನ್ನೇ ಹುಡುಕಬೇಕು. ನಾಲ್ಕನೆಯ ತಲೆಮಾರಿನದು ಎಲ್‌ಜಿಎ 1150. ಇಲ್ಲಿ ಕೂರುವುದೇ ಇಲ್ಲ.

ಬಯೋಸ್ ಬದಲಾವಣೆಯನ್ನು ಹಳೆಯ ಪ್ರೊಸೆಸರ್ ಇರುವಾಗಲೇ, ಯುಪಿಎಸ್ ಮೇಲೆ ಮಾಡಿ ಮುಗಿಸಿ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡ್ ಎದ್ದೇಳದಂತೆ ಆಗಬಹುದು. ಕೆಲವು ಬೋರ್ಡ್‌ಗಳು ನಡುವಿನ ಒಂದು ಆವೃತ್ತಿಯನ್ನು ದಾಟಿಯೇ ಕೊನೆಯದಕ್ಕೆ ಹೋಗಬೇಕೆನ್ನುತ್ತವೆ. ತಯಾರಕರ ಟಿಪ್ಪಣಿಯನ್ನು ಸಾಲು ಬಿಡದೆ ಓದಿ.

ರ‍್ಯಾಮ್‌ನ ವಿಷಯದಲ್ಲಿ ಈ ಬದಲಾವಣೆ ಸುಲಭದ್ದು. ಐ3-2100 ಮೆಮೊರಿಯನ್ನು 1333ರ ವೇಗದವರೆಗೆ ಓಡಿಸುತ್ತಿತ್ತು, ಐ5-3470 ತಂದರೆ 1600ರವರೆಗೆ ಓಡಿಸುತ್ತದೆ. 1333ರ ಸ್ಟಿಕ್‌ಗಳು 1333ರಲ್ಲೇ ಮುಂದುವರಿಯುತ್ತವೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನಿಮ್ಮ ಹಳೆಯ ಸ್ಟಿಕ್‌ಗಳ ಮೇಲೆ 1600 ಎಂದು ಬರೆದಿದ್ದರೆ ಅವು ಇಷ್ಟು ವರ್ಷ 1333ರ ನಡಿಗೆಯಲ್ಲೇ ಇದ್ದವು. ಹೊಸ ಪ್ರೊಸೆಸರ್ ಬಂದ ದಿನ ಮೊದಲ ಬಾರಿಗೆ ಪೂರ್ಣ ವೇಗಕ್ಕೆ ಏರುತ್ತವೆ. ದುರ್ಬಲವಾದ ಸ್ಟಿಕ್ ಆಗ ತಪ್ಪು ಮಾಡತೊಡಗಬಹುದು. ಅಂಥ ಯಂತ್ರ ಏಳುತ್ತದೆ, ಸ್ವಲ್ಪ ಹೊತ್ತು ನಡೆದು ನೀಲಿ ಪರದೆ ತೋರಿಸುತ್ತದೆ. ಬಯೋಸ್‌ನಲ್ಲಿ ಮೆಮೊರಿ ವೇಗವನ್ನು 1333ಕ್ಕೆ ಇಳಿಸಿ ನೋಡಿ. ಅಲ್ಲಿಗೆ ಶಾಂತವಾದರೆ ಕಾರಣ ಸಿಕ್ಕಿತು, ಹಾಗೆಯೇ ಬಿಟ್ಟರೂ ಡಿಟಿಪಿ ಕೆಲಸಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮುನ್ನ

ಮೊದಲು ಬಯೋಸ್ ಪರದೆಗೆ ಹೋಗಿ ಒಟ್ಟು ಮೆಮೊರಿ ಎಷ್ಟೆಂದು ನೋಡಿ. ಅಲ್ಲಿ 8192 (ಮೆಗಾಬೈಟ್‌ನಲ್ಲಿ, ಅಂದರೆ 8 ಜಿಬಿ) ಇದ್ದು ವಿಂಡೋಸ್‌ನಲ್ಲಿ ಮಾತ್ರ ಕಡಿಮೆ ಇದ್ದರೆ ದೋಷ ತಂತ್ರಾಂಶದ್ದು. ವಿಂಡೋಸ್ 32 ಬಿಟ್‌ನದಾಗಿದ್ದರೆ 4 ಜಿಬಿಯ ಮೇಲೆ ಬಳಸುವುದಿಲ್ಲ. ವಿಂಡೋಸ್ 7 ಸ್ಟಾರ್ಟರ್‌ನ ಮಿತಿ 2 ಜಿಬಿ, 64 ಬಿಟ್ ಹೋಮ್ ಬೇಸಿಕ್‌ನದು 8 ಜಿಬಿ. ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸಾಧನ ತೆರೆದು ಬೂಟ್ ಭಾಗದ ಹೆಚ್ಚಿನ ಆಯ್ಕೆಗಳಲ್ಲಿ “ಮ್ಯಾಕ್ಸಿಮಮ್ ಮೆಮೊರಿ” ಎಂಬಲ್ಲಿ ಗುರುತು ಬಿದ್ದಿದೆಯೇ ನೋಡಿ. ವೇಗ ಹೆಚ್ಚುತ್ತದೆಂಬ ನಂಬಿಕೆಯಿಂದ ಯಾರೋ ಎಂದೋ ಅದನ್ನು ಒತ್ತಿರುತ್ತಾರೆ, ಗುರುತು ತೆಗೆದರೆ ಸಾಕು. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ತನ್ನ ಪಾಲಿಗೆ ಸ್ವಲ್ಪ ಮೆಮೊರಿ ತೆಗೆದಿಟ್ಟುಕೊಳ್ಳುವುದು ನಿಜ, ಆದರೆ ಅದು ಮೆಗಾಬೈಟ್‌ಗಳ ಲೆಕ್ಕ, 4 ಜಿಬಿ ನುಂಗುವಂಥದ್ದಲ್ಲ.

ಬಯೋಸ್‌ನಲ್ಲೇ 4096 ಇದ್ದರೆ ವಿಂಡೋಸ್‌ನ ತಂಟೆಗೆ ಹೋಗಬೇಡಿ. ನಮ್ಮಲ್ಲಿ ಇದ್ದದ್ದು 4096.

ಒಮ್ಮೆ ಸೀಮೋಸ್ (ಬಯೋಸ್‌ನ ಹೊಂದಿಕೆಗಳನ್ನು ಕಾಪಿಡುವ ನೆನಪು) ಅಳಿಸಿ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಸಿ, ಸಿಆರ್2032 ಬ್ಯಾಟರಿಯನ್ನು ಹತ್ತು ನಿಮಿಷ ಹೊರಗಿಡಿ. ಹಳೆಯ ಪ್ರೊಸೆಸರ್‌ಗೆ ಹೊಂದಿಸಿದ್ದ ಮೆಮೊರಿಯ ಲೆಕ್ಕಗಳು ಬಯೋಸ್‌ನಲ್ಲಿ ಉಳಿದು ತೊಂದರೆ ಕೊಡುವುದುಂಟು. ಇಷ್ಟು ಹಳೆಯ ಯಂತ್ರದಲ್ಲಿ ಬ್ಯಾಟರಿಯನ್ನೇ ಬದಲಿಸುವುದು ಲೇಸು.

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ, ನನಗೂ ಒಂದು ಗಳಿಗೆ ಗೊಂದಲವಾಯಿತು. ಸಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ ಎರಡೂ ಸ್ಲಾಟ್‌ಗಳ ಸ್ಟಿಕ್‌ಗಳು ಕಂಪನಿಯ ಹೆಸರು, ಗಾತ್ರ, ವೇಗ ಸಮೇತ ಕಾಣುತ್ತಿದ್ದವು. ಹಾಗಿದ್ದರೆ ಸ್ಟಿಕ್ ಸಿಕ್ಕಿದೆ, ಸಂಪರ್ಕ ಸರಿಯಿದೆ ಎನಿಸುವುದಿಲ್ಲವೇ? ಪ್ರತಿ ಸ್ಟಿಕ್ ಮೇಲೂ ಅದರ ಜಾತಕ (ಎಸ್‌ಪಿಡಿ) ಬರೆದಿಟ್ಟ ಒಂದು ಪುಟ್ಟ ಚಿಪ್ ಇರುತ್ತದೆ. ಆ ಜಾತಕವನ್ನು ಓದುವುದು ಚಿಪ್‌ಸೆಟ್, ಅದೂ ಬೇರೆಯೇ ಆದ ಎರಡು ತೆಳು ಗೆರೆಗಳ ಮೂಲಕ. ಪ್ರೊಸೆಸರ್‌ನ ಮೆಮೊರಿ ಪಿನ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಆಳು ಕೆಲಸಕ್ಕೆ ಬಂದಿಲ್ಲ ಎಂಬಂಥ ಸ್ಥಿತಿ ಇದು. ಸ್ಥಾಪಿತ 8, ಬಳಕೆಗೆ 3.9 ಎಂಬ ವಿಚಿತ್ರ ಸಾಲು ಹುಟ್ಟುವುದೂ ಇಲ್ಲಿಂದಲೇ. ಅದೇ ತಂತ್ರಾಂಶದ ಮೆಮೊರಿ ಪುಟ ಮಾತ್ರ ನಿಜ ಹೇಳಿತು: ಚಾನೆಲ್ ಒಂದೇ, “ಸಿಂಗಲ್”. ಜಾತಕ ಓದಲು ಬಂದು ಮೆಮೊರಿ ಬಳಕೆಗೆ ಬಾರದಿದ್ದರೆ ಸ್ಟಿಕ್ ಸ್ಲಾಟ್‌ನಲ್ಲಿ ಕೂತೇ ಇಲ್ಲ ಎಂಬ ಸಾಧ್ಯತೆ ಬಹುಪಾಲು ಹೋಯಿತು. ಸಾಕೆಟ್‌ನತ್ತ ಬೊಟ್ಟು ಮಾಡುವ ಬಲವಾದ ಸುಳಿವು ಅದು.

ಎರಡು ಸ್ಟಿಕ್, ಎರಡು ಸ್ಲಾಟ್, ನಾಲ್ಕು ಪರೀಕ್ಷೆ

ಸ್ಟಿಕ್‌ಗಳಿಗೆ ಪೆನ್ಸಿಲ್‌ನಲ್ಲಿ ಅ, ಆ ಎಂದು ಬರೆದುಕೊಳ್ಳಿ. ಒಂದೇ ಸ್ಟಿಕ್ ಇಟ್ಟು ಯಂತ್ರ ಎಬ್ಬಿಸಿ: ಅ ಮೊದಲ ಸ್ಲಾಟ್‌ನಲ್ಲಿ, ಅ ಎರಡನೆಯದರಲ್ಲಿ, ಹಾಗೆಯೇ ಆ. ಪ್ರತಿ ಬಾರಿಯೂ ಪ್ಲಗ್ ಕಿತ್ತೇ ಬದಲಿಸಿ. ಫಲಿತಾಂಶವನ್ನು ಕಾಗದದ ಮೇಲೆ ಬರೆಯಿರಿ, ನೆನಪನ್ನು ನೆಚ್ಚಬೇಡಿ.

ಒಂದು ಸ್ಟಿಕ್ ಎರಡೂ ಸ್ಲಾಟ್‌ಗಳಲ್ಲಿ ಸೋತರೆ ಆ ಸ್ಟಿಕ್ ನಿಜವಾಗಿಯೂ ಕೆಟ್ಟಿದೆ, ಆಗ ಹೊಸದು ಕೊಳ್ಳುವುದು ನ್ಯಾಯ. ಎರಡೂ ಸ್ಟಿಕ್‌ಗಳು ಒಂದೇ ಸ್ಲಾಟ್‌ನಲ್ಲಿ ಸೋತರೆ ಸ್ಟಿಕ್‌ಗಳು ನಿರ್ದೋಷಿಗಳು. ನಮ್ಮಲ್ಲಿ ಅ ಮತ್ತು ಆ ಎರಡೂ ಮೊದಲ ಸ್ಲಾಟ್‌ನಲ್ಲಿ ಸಲೀಸಾಗಿ ಎದ್ದವು. ಎರಡನೆಯದರಲ್ಲಿ ಒಂಟಿಯಾಗಿ ಇಟ್ಟಾಗ ಪರದೆ ಕಪ್ಪು, ಸ್ಪೀಕರ್‌ನಿಂದ ಬೀಪ್ ಬೀಪ್.

ರ‍್ಯಾಮ್‌ನ ಚಿನ್ನದ ಅಂಚನ್ನು ರಬ್ಬರ್‌ನಿಂದ ಉಜ್ಜುವುದು ನಮ್ಮಲ್ಲಿ ಎಲ್ಲ ರೋಗಕ್ಕೂ ಮೊದಲ ಮದ್ದು. ವರ್ಷಗಟ್ಟಲೆ ಧೂಳು ಕುಡಿದ ಸ್ಟಿಕ್‌ಗೆ ಅದರಿಂದ ಗುಣವಾಗುವುದನ್ನು ನಾನೂ ಕಂಡಿದ್ದೇನೆ. ಉಜ್ಜಿದರೆ ರಬ್ಬರ್ ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆದೇ ಸ್ಲಾಟ್‌ಗೆ ಹಾಕಿ. ಆದರೆ ಎರಡೂ ಸ್ಟಿಕ್‌ಗಳು ಪಕ್ಕದ ಸ್ಲಾಟ್‌ನಲ್ಲಿ ಚೆನ್ನಾಗಿ ನಡೆಯುತ್ತಿರುವಾಗ ಅವುಗಳನ್ನು ಉಜ್ಜುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಸಾಕೆಟ್ ತೆರೆಯುವ ಮುಂಚೆ ಇನ್ನೊಂದು ಸುಲಭದ ಪರೀಕ್ಷೆ ಉಳಿದಿದೆ: ಪ್ರೊಸೆಸರ್‌ನ ಬಿಸಿ ಹೀರುವ ಹೀಟ್ ಸಿಂಕ್. ಇಂಟೆಲ್‌ನ ಪೆಟ್ಟಿಗೆಯೊಂದಿಗೆ ಬರುವ ಕೂಲರ್‌ಗೆ ನಾಲ್ಕು ಮೂಲೆಗಳಲ್ಲಿ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಾಲುಗಳು. ಮೂರು ಕೂತು ಒಂದು ಎದ್ದಿದ್ದರೆ ಬೋರ್ಡ್ ಬಾಗುತ್ತದೆ, ಒತ್ತಡ ಓರೆಯಾಗುತ್ತದೆ, ಒಂದು ಬದಿಯ ಪಿನ್‌ಗಳು ಪ್ರೊಸೆಸರನ್ನು ಸರಿಯಾಗಿ ಮುಟ್ಟುವುದಿಲ್ಲ. ಸ್ಕ್ರೂ ಹಾಕುವ ಬೇರೆ ಕೂಲರ್ ಇದ್ದರೆ ಅತಿಯಾಗಿ ಬಿಗಿದಾಗಲೂ ಇದೇ ಪಾಡು. ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಕೂರಿಸಿ ಮತ್ತೆ ಮೆಮೊರಿ ಎಣಿಸಿ. ಇಲ್ಲಿಗೇ ಗುಣವಾಗುವ ಯಂತ್ರಗಳು ಕಡಿಮೆಯೇನಲ್ಲ. ನಮ್ಮದು ಆಗಲಿಲ್ಲ.

ಸಾಕೆಟ್‌ನ ಒಳಗೆ

ಈ ಕೆಲಸವನ್ನು ಹಗಲು ಹೊತ್ತಿನಲ್ಲಿ, ಯಾರೂ ಅವಸರಪಡಿಸದಾಗ ಮಾಡಿ. ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ಮೇಜಿನ ಮೇಲೆ ಇಡುವುದು ಉತ್ತಮ. ಕ್ಯಾಬಿನೆಟ್‌ನ ಬರಿಯ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ.

ಪ್ರೊಸೆಸರನ್ನು ಅಂಚುಗಳಲ್ಲಿ ಹಿಡಿದು ನೇರವಾಗಿ ಮೇಲೆತ್ತಿ ಮಗುಚಿ ನೋಡಿ. ಅಡಿಯ ಚಿನ್ನದ ಬಿಂದುಗಳ ಮೇಲೆ ಬೆರಳಿನ ಜಿಡ್ಡು, ಹಳೆಯ ಥರ್ಮಲ್ ಪೇಸ್ಟ್ (ಬಿಸಿಯನ್ನು ಕೂಲರ್‌ಗೆ ದಾಟಿಸಲು ಮೇಲೆ ಹಚ್ಚುವ ಲೇಪ) ಇರಬಾರದು. ನಡುವಿನ ಚೌಕದಲ್ಲಿ ಸಾಸಿವೆಗಿಂತ ಚಿಕ್ಕ ಕೆಪಾಸಿಟರ್‌ಗಳ ಸಾಲಿದೆ. ಒಂದಾದರೂ ಕಿತ್ತು ಹೋಗಿದ್ದರೆ ಬಳಸಿದ ಮಾಲಿನ ದೋಷ ಅದೇ ಇರಬಹುದು. ಕೊಳ್ಳುವಾಗಲೇ ಅಂಗಡಿಯವರ ಮುಂದೆ ಮಗುಚಿ ನೋಡುವ ರೂಢಿ ಮಾಡಿಕೊಳ್ಳಿ. ನಾನು ತಂದದ್ದರ ಒಂದು ಮೂಲೆಯಲ್ಲಿ ಬಿಳಿ ಪೇಸ್ಟ್‌ನ ತೆಳು ಪದರ ಇತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನಾರು ಬಿಡದ ಬಟ್ಟೆಯನ್ನು ಅದ್ದಿ ಒರೆಸಿ, ಒಣಗಿಸಿ, ಮತ್ತೆ ಕೂರಿಸಿದೆ. ಇದೇ ಕಾರಣವೆಂದು ನಂಬಿ ಸಾಕೆಟ್ ಮೇಲೆ ಒಂದು ಸಲ ಕಣ್ಣಾಡಿಸಿ ಮುಚ್ಚಿಬಿಟ್ಟಿದ್ದೆ. ಬಯೋಸ್‌ನಲ್ಲಿ ಮತ್ತೆ 4096.

ಎರಡನೆಯ ಸಲ ಸಾಕೆಟ್ ನೋಡಲು ಅರ್ಧ ಗಂಟೆ ತೆಗೆದುಕೊಂಡೆ. ನೇರ ಮೇಲಿನಿಂದ ಬೆಳಕು ಬಿಟ್ಟರೆ ಏನೂ ತಿಳಿಯುವುದಿಲ್ಲ, ಎಲ್ಲ ಪಿನ್‌ಗಳೂ ಹೊಳೆಯುತ್ತವೆ. ಮೊಬೈಲ್ ಟಾರ್ಚನ್ನು ಬೋರ್ಡ್‌ನ ಮಟ್ಟಕ್ಕೆ ಇಳಿಸಿ ಓರೆಯಾಗಿ ಹಿಡಿದು, ಬೋರ್ಡನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. ನಾಟಿ ಮಾಡಿದ ಗದ್ದೆಯ ಸಾಲಿನಂತೆ ಪಿನ್‌ಗಳ ತುದಿಗಳು ಒಂದೇ ತಾಳದಲ್ಲಿ ಮಿನುಗುತ್ತವೆ. ಸಾಲು ತಪ್ಪಿದ್ದು ಮಿನುಗುವುದಿಲ್ಲ, ಇಲ್ಲವೇ ಬೇರೆ ಗಳಿಗೆಯಲ್ಲಿ ಮಿನುಗುತ್ತದೆ. ನಾಲ್ಕೂ ದಿಕ್ಕಿನಿಂದ ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದ ಚಿತ್ರ ತೆಗೆದು ಹಿಗ್ಗಿಸಿ ನೋಡುವುದು ಭೂತಗನ್ನಡಿಗಿಂತ ಹೆಚ್ಚು ಉಪಕಾರಿ. ಮೂರನೆಯ ದಿಕ್ಕಿನಿಂದ ನೋಡಿದಾಗ ಅಂಚಿನಿಂದ ಎರಡನೆಯ ಸಾಲಿನಲ್ಲಿ ಒಂದು ಪಿನ್ ನೆರೆಯದರ ಕಡೆಗೆ ಕೂದಲೆಳೆಯಷ್ಟು ವಾಲಿತ್ತು. ಪ್ರೊಸೆಸರ್ ಇಳಿಸುವಾಗ ನನ್ನ ಕೈ ಒಂದಿಷ್ಟು ಜಾರಿರಬೇಕು.

ಸರಿಪಡಿಸಲು ಸೀಸ ತೆಗೆದ 0.5 ಮಿಲಿಮೀಟರ್‌ನ ಕ್ಲಿಕ್ ಪೆನ್ಸಿಲ್ ಒಳ್ಳೆಯ ಸಾಧನ. ಅದರ ಟೊಳ್ಳು ತುದಿಯನ್ನು ಪಿನ್ ಮೇಲೆ ಇಳಿಸಿ ಬೇಕಾದ ಕಡೆಗೆ ಮೆಲ್ಲಗೆ ಒಲಿಸಬಹುದು. ತುದಿ ಹೊಕ್ಕದ ಕಡೆ ಸಣ್ಣ ಹೊಲಿಗೆ ಸೂಜಿ ಬಳಸಿ. ನೆನಪಿಡಬೇಕಾದ ಮಾತು: ಪಿನ್ ನೆಟ್ಟಗೆ ನಿಲ್ಲಬೇಕಾದದ್ದಲ್ಲ. ಈ ಪಿನ್‌ಗಳೆಲ್ಲ ಹುಟ್ಟಿನಿಂದಲೇ ಬಾಗಿದ ಸ್ಪ್ರಿಂಗ್‌ಗಳು. ಅದೇ ಸಾಲಿನ ಅಕ್ಕಪಕ್ಕದವು ಯಾವ ಕಡೆಗೆ, ಎಷ್ಟು ಬಾಗಿವೆಯೋ, ಎಷ್ಟು ಎತ್ತರವಿದೆಯೋ ಅಷ್ಟಕ್ಕೆ ತಂದರೆ ಮುಗಿಯಿತು. ಒಂದೇ ಸಲಕ್ಕೆ ಎಳೆಯದೆ ಚೂರು ಚೂರಾಗಿ ಸರಿಸಿ, ಪ್ರತಿ ಬಾರಿ ಟಾರ್ಚ್ ಹಿಡಿದು ನೋಡಿ. ಅತ್ತಿತ್ತ ಮೂರು ನಾಲ್ಕು ಸಲ ಬಗ್ಗಿಸಿದರೆ ಲೋಹ ದಣಿದು ಮುರಿಯುತ್ತದೆ. ಸಾಕೆಟ್ ಒಳಗೆ ಹತ್ತಿ, ಬಟ್ಟೆ, ಟಿಶ್ಯೂ ಏನನ್ನೂ ತಾಗಿಸಬೇಡಿ. ಒಂದು ನಾರು ಸಿಕ್ಕಿಕೊಂಡರೆ ಹತ್ತು ಪಿನ್‌ಗಳನ್ನು ಎಳೆದುಕೊಂಡು ಬರುತ್ತದೆ. ಧೂಳಿದ್ದರೆ ಗಾಳಿ ಊದುವ ರಬ್ಬರ್ ಬುರುಡೆ ಸಾಕು, ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ.

ಪಿನ್ ಸರಿದ ಮೇಲೆ ಪ್ರೊಸೆಸರ್‌ನ ಎರಡು ಕಚ್ಚುಗಳನ್ನು ಸಾಕೆಟ್‌ನ ಉಬ್ಬುಗಳಿಗೆ ಹೊಂದಿಸಿ, ಜಾರಿಸದೆ ನೇರವಾಗಿ ಇಳಿಸಿ. ಸಾಕೆಟ್‌ನ ಸನ್ನೆಕೋಲು ಒತ್ತುವಾಗ ಸಾಕಷ್ಟು ಬಲ ಬೇಕು, ಕಿರ್ ಎಂಬ ಸದ್ದೂ ಬರುತ್ತದೆ, ಅದಕ್ಕೆ ಹೆದರಬೇಡಿ. ಹೊಸ ಥರ್ಮಲ್ ಪೇಸ್ಟ್ ಕಡಲೆ ಬೇಳೆಯಷ್ಟು ಸಾಕು. ಯಂತ್ರ ಎದ್ದಾಗ ಬಯೋಸ್‌ನಲ್ಲಿ 8192 ಕಂಡಿತು. ಭಾವನವರು ಹಿಂದೆ ನಿಂತಿದ್ದರು. ಇಬ್ಬರಿಗೂ ಒಮ್ಮೆ ಉಸಿರು ಸರಾಗವಾಯಿತು.

ಪಿನ್ ಮುರಿದೇ ಹೋಗಿದ್ದರೆ? ಯಂತ್ರವನ್ನು ಎಸೆಯಬೇಕಿಲ್ಲ. ಎಚ್61 ಒಂದು ಸ್ಲಾಟ್‌ಗೆ 8 ಜಿಬಿಯವರೆಗೆ ಒಪ್ಪುತ್ತದೆ, ಬದುಕಿರುವ ಸ್ಲಾಟ್‌ಗೆ 8 ಜಿಬಿಯ ಒಂದೇ ಸ್ಟಿಕ್ ಹಾಕಬಹುದು. 1333ರಲ್ಲಿ ಒಂದು ಚಾನೆಲ್ ಸೆಕೆಂಡಿಗೆ 10.6 ಗಿಗಾಬೈಟ್‌ನಷ್ಟು ಸಾಗಿಸುತ್ತದೆ, ಎರಡಿದ್ದರೆ ಅದರ ಇಮ್ಮಡಿ. ಒಂಟಿ ಚಾನೆಲ್‌ನ ಪೆಟ್ಟು ಬೀಳುವುದು ಒಳಗಿನ ಗ್ರಾಫಿಕ್ಸ್ ಬಳಸುವ ಕೆಲಸಗಳಿಗೆ ಹೆಚ್ಚು. ಅಕ್ಷರ ಜೋಡಣೆಗೆ ಅಷ್ಟಾಗಿ ತಟ್ಟುವುದಿಲ್ಲ.

ಪರದೆಯೇ ಬಾರದಿದ್ದರೆ

ಪ್ರೊಸೆಸರ್ ಬದಲಿಸಿದ ಮೇಲೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಮೊದಲು ಎಸ್‌ಎಂಪಿಎಸ್‌ನಿಂದ (ವಿದ್ಯುತ್ ಪೂರೈಸುವ ಪೆಟ್ಟಿಗೆಯಿಂದ) ಪ್ರೊಸೆಸರ್‌ಗೆ ಬರುವ ನಾಲ್ಕು ಪಿನ್‌ನ 12 ವೋಲ್ಟ್ ಕನೆಕ್ಟರ್ ನೋಡಿ. ಕೂಲರ್ ಬಿಚ್ಚುವಾಗ ತೆಗೆದು ಮರೆಯುವುದು ಇದನ್ನೇ. ನಂತರ ರ‍್ಯಾಮ್ ಎರಡನ್ನೂ ಪೂರ್ತಿ ತೆಗೆದು, ಬೋರ್ಡ್‌ಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ ಎಬ್ಬಿಸಿ. ಮೆಮೊರಿ ಇಲ್ಲವೆಂದು ಬೀಪ್ ಕೂಗಿದರೆ ಪ್ರೊಸೆಸರ್ ಜೀವಂತವಾಗಿದೆ, ಬಯೋಸ್ ಅದನ್ನು ಗುರುತಿಸಿದೆ, ತೊಂದರೆ ಮೆಮೊರಿಯ ದಾರಿಯಲ್ಲಿದೆ. ಏನೂ ಸದ್ದಿಲ್ಲದಿದ್ದರೆ ಹಳೆಯ ಪ್ರೊಸೆಸರನ್ನು ಮರಳಿ ಹಾಕಿ. ಅದರಲ್ಲಿ ಎದ್ದರೆ ಬಯೋಸ್ ಹಳೆಯದು, ಇಲ್ಲವೇ ತಂದ ಪ್ರೊಸೆಸರ್ ಕೆಟ್ಟದ್ದು. ಅದರಲ್ಲೂ ಏಳದಿದ್ದರೆ ಮತ್ತೆ ಸಾಕೆಟ್‌ನ ಪಿನ್‌ಗಳೇ. ಪ್ರತಿ ಸಲ ಸಾಕೆಟ್ ತೆರೆದಾಗಲೂ ಪಿನ್‌ಗಳಿಗೆ ಅಪಾಯ, ಹಾಗಾಗಿ ಈ ಅದಲುಬದಲನ್ನು ಮನಸ್ಸು ಬಂದಂತೆ ಮಾಡದೆ ಪ್ರತಿ ಬಾರಿ ಒಂದು ಪ್ರಶ್ನೆ ಇಟ್ಟುಕೊಂಡು ಮಾಡಿ.

ಎದ್ದು ಸ್ವಲ್ಪ ಹೊತ್ತಿಗೆ ನಿಂತುಬಿಡುವ ಯಂತ್ರದಲ್ಲಿ ಬಿಸಿಯನ್ನು ನೋಡಿ. ಐ3-2100ರ ಮಿತಿ 65 ವ್ಯಾಟ್, ಐ5-3470ರದು 77, ಐ7-2600ರದು 95. ಐ3ರ ತೆಳು ಅಲ್ಯೂಮಿನಿಯಂ ಕೂಲರ್ 95 ವ್ಯಾಟ್‌ನದಕ್ಕೆ ಸಾಲದು. ಐ5-3470ಕ್ಕೆ ಧೂಳು ತೆಗೆದು ಪೇಸ್ಟ್ ಹೊಸದಾಗಿ ಹಚ್ಚಿದ ಅದೇ ಕೂಲರ್ ನಮ್ಮಲ್ಲಿ ಸಾಕಾಯಿತು.

8192 ಕಂಡ ಮಾತ್ರಕ್ಕೆ ನಾನು ಅಂಗಡಿಗೆ ಯಂತ್ರ ಒಪ್ಪಿಸಲಿಲ್ಲ. ತುದಿಯಷ್ಟೇ ಮುಟ್ಟುತ್ತಿರುವ ಪಿನ್ ಮೆಮೊರಿಯ ಗಾತ್ರವನ್ನು ಸರಿಯಾಗಿ ತೋರಿಸಿಯೂ ನಡುವೆ ಒಂದು ಬಿಟ್ ತಪ್ಪಿಸಬಹುದು; ಲಗ್ನಪತ್ರಿಕೆಯ ಫೈಲ್ ಕೆಟ್ಟರೆ ಮದುವೆ ಮನೆಯವರಿಗೆ ಉತ್ತರ ಹೇಳಬೇಕಾದವರು ಭಾವ. ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ತಪ್ಪು ಸೊನ್ನೆ. ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಎಬ್ಬಿಸಿದೆ, ಏಕೆಂದರೆ ಸಡಿಲ ಸಂಪರ್ಕ ಬಿಸಿಯಲ್ಲಿ ಹಿಗ್ಗಿ ಕೂಡಿಕೊಂಡು ತಣ್ಣಗಾದಾಗ ಬಿಟ್ಟುಕೊಳ್ಳುವುದುಂಟು. ಆಗಲೂ 8192, ಚಾನೆಲ್ “ಡ್ಯುಯಲ್”, ವೇಗ 1333.

ಬಯೋಸ್‌ನ ಆವೃತ್ತಿ, ಪ್ರೊಸೆಸರ್ ಬದಲಿಸಿದ ದಿನ, ವಾಲಿದ್ದ ಪಿನ್‌ನ ಜಾಗದ ಒಂದು ರೇಖಾಚಿತ್ರ, ಅ ಮತ್ತು ಆ ಸ್ಟಿಕ್‌ಗಳು ಯಾವ ಸ್ಲಾಟ್‌ನಲ್ಲಿವೆ ಎಂಬುದನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ. ಹಳೆಯ ಐ3 ಅದೇ ಅಂಗಡಿಯ ಡ್ರಾಯರ್‌ನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇದೆ; ಮುಂದೆ ಎಂದಾದರೂ ಪರದೆ ಕಪ್ಪಾದರೆ ಹೋಲಿಸಿ ನೋಡಲು ಅದು ಬೇಕು.